ಲೆನ್ಸ್‌ಗೂ ಅಳತೆಯಿದೆ

ಮಗಳ ಮದುವೆಯಾದ ಮೂರನೇ ದಿನ ತಾಯಿಯೊಬ್ಬರು ಅವಳನ್ನು ನನ್ನ ಕ್ಲಿನಿಕ್‌ಗೆ ಕರೆತಂದರು. ಹುಡುಗಿಯ ಬಲಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಬೆಳಕು ನೋಡಲಾಗುತ್ತಿರಲಿಲ್ಲ.

“ಡಾಕ್ಟ್ರೇ, ನಿಕಾಹ್‌ಗೆಂದು ಬಣ್ಣದ ಲೆನ್ಸ್ ತರಿಸಿದ್ದೆವು. ಕನ್ನಡಕದ ನಂಬರನ್ನೇ ಕೊಟ್ಟಿದ್ದೆವು. ಗುಲಾಬಿ ಅರ್ಕ್ ಬಿಟ್ಟರೆ ಸಾಕಲ್ಲವೇ?” ಎಂದು ತಾಯಿ ಕೇಳಿದರು.

ನಾನು ಯಾವ ಹನಿಯನ್ನೂ ಬಿಡಲಿಲ್ಲ. ಲೆನ್ಸ್ ಧರಿಸಿದ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಕಾರ್ನಿಯಾದಲ್ಲಿ ಹುಣ್ಣಾಗಿರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಅಂದೇ ಕಣ್ಣಿನ ತಜ್ಞರ ಬಳಿಗೆ ಕಳುಹಿಸಿದೆ. ಅಲ್ಲಾಹನ ಕೃಪೆಯಿಂದ ಕಣ್ಣು ಉಳಿಯಿತು.

ಕನ್ನಡಕದ ಚೀಟಿ ಸಾಲದು

ಮದುವೆಯ ಬಟ್ಟೆಗೆ ದರ್ಜಿಯ ಬಳಿ ಅಳತೆ ಕೊಡುವ ನಾವು, ಕಣ್ಣಿಗೆ ಅಂಟಿ ಕೂರುವ ಲೆನ್ಸ್‌ಗೆ ಅಳತೆ ಕೇಳುವುದಿಲ್ಲ. ಲೆನ್ಸ್ ಪೆಟ್ಟಿಗೆಯ ಮೇಲೆ ಮುಖ್ಯವಾಗಿ ಮೂರು ಅಂಕಿಗಳಿರುತ್ತವೆ.

ಪವರ್: ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಇರುತ್ತದೆ. ಹಾಗಾಗಿ ನಂಬರ್ 4 ದಾಟಿದರೆ ಲೆಕ್ಕ ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ 6 ಇದ್ದವರಿಗೆ ಲೆನ್ಸ್‌ನಲ್ಲಿ ಸುಮಾರು ಮೈನಸ್ 5.50 ಸಾಕಾಗುತ್ತದೆ.

ಬೇಸ್ ಕರ್ವ್ (ಬಿ.ಸಿ.): ಲೆನ್ಸ್‌ನ ಒಳಬದಿಯ ಬಾಗು. ಮೃದು ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ 8.3ರಿಂದ 9 ಮಿ.ಮೀ. ವರೆಗೆ ಇರುತ್ತದೆ. ಅಂಕಿ ಹೆಚ್ಚಾದಷ್ಟು ಲೆನ್ಸ್ ಚಪ್ಪಟೆ.

ವ್ಯಾಸ: ಮೃದು ಲೆನ್ಸ್‌ಗೆ ಸುಮಾರು 14 ಮಿ.ಮೀ. ಲೆನ್ಸ್ ಕಾರ್ನಿಯಾವನ್ನು ಪೂರ್ತಿ ಮುಚ್ಚಿ ಸ್ವಲ್ಪ ಹೊರಗೂ ಚಾಚಿರಬೇಕು.

ಕನ್ನಡಕದ ಚೀಟಿಯಲ್ಲಿ ಕೊನೆಯ ಎರಡು ಅಂಕಿಗಳು ಇರುವುದಿಲ್ಲ. ಕಾರ್ನಿಯಾದ ಬಾಗನ್ನು ಕೆರಟೋಮೀಟರ್ ಎಂಬ ಯಂತ್ರದಿಂದ ಅಳೆಯುತ್ತಾರೆ. ನಂತರ ಪರೀಕ್ಷಾ ಲೆನ್ಸ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಕಿ ಒಂದೇ ಇದ್ದರೂ ಬೇರೆ ಕಂಪೆನಿಯ ಲೆನ್ಸ್ ಬೇರೆ ರೀತಿ ಕೂರಬಹುದು. ಬಣ್ಣದ, ನಂಬರಿಲ್ಲದ ಲೆನ್ಸ್‌ಗೂ ಈ ಪರೀಕ್ಷೆ ಬೇಕು.

ಬಿಗಿಯೇ, ಸಡಿಲವೇ?

ರೆಪ್ಪೆ ಬಡಿದಾಗ ಲೆನ್ಸ್ ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರಬೇಕು. ಆಗ ಅದರಡಿಯ ಕಣ್ಣೀರು ಬದಲಾಗುತ್ತದೆ. ಸಡಿಲವಾದರೆ ಕಣ್ಣಲ್ಲಿ ಏನೋ ಚುಚ್ಚಿದಂತಾಗುತ್ತದೆ, ರೆಪ್ಪೆ ಬಡಿದಾಗೆಲ್ಲ ದೃಷ್ಟಿ ಮಂಜಾಗುತ್ತದೆ. ಬಿಗಿ ಲೆನ್ಸ್ ಹೆಚ್ಚು ಮೋಸಗಾರ. ಮೊದಲು ಹಾಯೆನಿಸಿ, ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗುತ್ತದೆ.

ಮನೆಯಲ್ಲಿ ನೆನಪಿರಲಿ

* ವುಝೂ ಮಾಡಿ, ಕೈಗಳನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೆಯೇ ಲೆನ್ಸ್ ಮುಟ್ಟಿರಿ. ಲೆನ್ಸ್ ಇರುವಾಗ ವುಝೂ ಮಾಡುವುದಾದರೆ ಕಣ್ಣು ಮುಚ್ಚಿ ಮುಖ ತೊಳೆಯಿರಿ.
* ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆಯಬೇಡಿ. ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾವನ್ನು ಹಾಳುಮಾಡುತ್ತದೆ.
* ಲೆನ್ಸ್ ಇರುವ ಕಣ್ಣಿಗೆ ಸುರ್ಮಾ, ಜೇನು, ಗುಲಾಬಿ ಅರ್ಕ್ ಬೇಡ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.
* ಅಕ್ಕ–ತಂಗಿಯರಾದರೂ ಲೆನ್ಸ್ ಹಂಚಿಕೊಳ್ಳಬೇಡಿ. ಧರಿಸಿ ಮಲಗಬೇಡಿ.

ನೋವು, ಕೆಂಪು, ಮಂಜು – ಯಾವುದು ಕಂಡರೂ ಮೊದಲು ಲೆನ್ಸ್ ತೆಗೆಯಿರಿ. ಅದನ್ನು ಎಸೆಯದೆ ಡಬ್ಬಿಯಲ್ಲಿಟ್ಟು ಅದೇ ದಿನ ಕಣ್ಣಿನ ತಜ್ಞರ ಬಳಿಗೆ ಒಯ್ಯಿರಿ. ಸೋಂಕು ಪತ್ತೆಗೆ ಅದೂ ಬೇಕಾಗಬಹುದು.