ಗಮಕಕ್ಕೆ ಒಗ್ಗಿದ ಗಿಟಾರ್

ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ಟಿ. ಎಚ್. ವಿನಾಯಕರಾಂ ಅವರೊಡನೆ ಕಟ್ಟಿದ ‘ಶಕ್ತಿ’ ತಂಡದಲ್ಲಿ ನುಡಿಸಿದ ಗಿಟಾರು ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದ್ದ ಅವರಿಗೆ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಎಳೆಯುವುದಕ್ಕೆ, ಒಗ್ಗುವ ವಾದ್ಯ ಬೇಕಾಗಿತ್ತು. ಗಿಬ್ಸನ್ ಸಂಸ್ಥೆಗಾಗಿ ಅದನ್ನು ಏಬ್ರಹಾಂ ವೆಕ್ಟರ್ ರೂಪಿಸಿದರು.

ಈ ಗಿಟಾರಿನ ಬೆರಳುಹಲಗೆಯಲ್ಲಿ, ಅಂದರೆ ತಂತಿಯನ್ನು ಒತ್ತಿ ಹಿಡಿಯುವ ಉದ್ದನೆಯ ಪಟ್ಟಿಯಲ್ಲಿ, ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳ ನಡುವಿನ ಮರವನ್ನು ದೋಣಿಯ ಒಳಮೈಯಂತೆ ಕೆತ್ತಲಾಗಿತ್ತು. ಸಾಮಾನ್ಯ ಗಿಟಾರಿನಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆಯುವಾಗ ಬೆರಳತುದಿ ಮರಕ್ಕೆ ಉಜ್ಜುತ್ತದೆ. ಮೇಣದ ಮೇಲೆ ಎತ್ತರವಾಗಿ ನಿಂತ ಮೆಟ್ಟಿಲುಗಳಿರುವ ವೀಣೆಯಲ್ಲಿ ಆ ಅಡ್ಡಿಯಿಲ್ಲ, ಕೆತ್ತಿದ ಗಿಟಾರಿನಲ್ಲಿಯೂ ಇಲ್ಲ. ತಂತಿಯ ಆವೃತ್ತಿ, ಎಂದರೆ ಸೆಕೆಂಡಿಗೆ ಅದು ಕಂಪಿಸುವ ಸಂಖ್ಯೆ, ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ, ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಎಳೆಯಲು ಬಿಗಿತವನ್ನು ಶೇ. 25ಕ್ಕೂ ಹೆಚ್ಚು ಏರಿಸಬೇಕಾಗುತ್ತದೆ. ಇಷ್ಟು ದುಡಿಯುವ ಬೆರಳಿಗೆ ತಂತಿಯ ಮೇಲಿನ ಹಿಡಿತವೇ ಮುಖ್ಯ. ಆದರೆ ಅದೇ ನಿಯಮ ಕೆಳಮುಖದ ಒತ್ತಡಕ್ಕೂ ಅನ್ವಯಿಸುತ್ತದೆ. ತಡೆಯುವ ಮರವಿಲ್ಲದ್ದರಿಂದ ಕೈ ತುಸು ಭಾರವಾದರೂ ತಂತಿ ಗುಳಿಯೊಳಗೆ ಬಾಗಿ, ಬಿಗಿದುಕೊಂಡು, ಸ್ವರ ಏರುತ್ತದೆ. ಹಲವು ತಂತಿಗಳನ್ನು ಒಟ್ಟಿಗೆ ಹಿಡಿಯುವ ಕಾರ್ಡ್‌ಗಳಲ್ಲಿ ಈ ಶ್ರುತಿದೋಷ ಕೂಡಲೇ ಕಿವಿಗೆ ಬೀಳುತ್ತದೆ.

ತಂತಿಯ ಉದ್ದವೂ ಇದೇ ಲೆಕ್ಕಕ್ಕೆ ಸೇರಿದ್ದು. ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಕಟ್ಟಿದಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುವುದರಿಂದ, 25.5 ಅಂಗುಲದ ಬದಲು 24.75 ಅಂಗುಲವನ್ನು ಆರಿಸಿದರೆ ಬಿಗಿತ ಸುಮಾರು ಶೇ. 6ರಷ್ಟು ಇಳಿದು ಕೈಗೆ ಹಗುರವಾಗುತ್ತದೆ. ಗಿಟಾರ್ ಮಾಡಿಸುವವರು ಮರದ ಜಾತಿಗೆ ಕೊಡುವ ಗಮನದಲ್ಲಿ ಅರ್ಧದಷ್ಟಾದರೂ ಇಂಥ ಅಳತೆಗಳಿಗೆ ಸಲ್ಲಬೇಕು.

ನಾದದ ಗುಣವನ್ನೇ ಬದಲಿಸಿದ್ದು ನಾದರಂಧ್ರದ ಮೇಲೆ ಓರೆಯಾಗಿ ಹಾಯಿಸಿದ 7 ತರಬ್ ತಂತಿಗಳು. ಮುಖ್ಯ ತಂತಿಯ ಕಂಪನ ಮೇಲುಹಲಗೆಯ ಮೂಲಕ ಇವೆಲ್ಲವನ್ನೂ ತಲುಪುತ್ತದೆಯಾದರೂ, ಆ ಸ್ವರಕ್ಕೋ ಅದರ ಎರಡು, ಮೂರು ಪಟ್ಟು ಆವೃತ್ತಿಯ ಉಪಸ್ವರಗಳಿಗೋ ಹೊಂದುವ ತಂತಿ ಮಾತ್ರ ತಾನಾಗಿ ಮೊಳಗುತ್ತದೆ, ಇದೇ ಅನುರಣನ. ಸಿತಾರಿನಲ್ಲಿ ಪರಿಚಿತವಾದ ಈ ಏರ್ಪಾಡು, ಬೇಗ ಆರಿಹೋಗುವ ಗಿಟಾರ್ ನಾದಕ್ಕೆ ದೀರ್ಘತೆ ತರುತ್ತದೆ. ಆದರೆ ತರಬ್ ತಂತಿಗಳ ಹೆಚ್ಚುವರಿ ಎಳೆತವನ್ನು ತಾಳಲು ಮೇಲುಹಲಗೆಯನ್ನು ದಪ್ಪಗೊಳಿಸಿದರೆ ಕಂಪನ ಕುಗ್ಗುತ್ತದೆ, ತೆಳುವಾಗಿಯೇ ಉಳಿಸಿದರೆ ಹಲಗೆ ಬಾಗುವ ಅಪಾಯವಿರುತ್ತದೆ. ಮೇಲಾಗಿ ರಾಗ ಬದಲಾದಾಗ ಏಳೂ ತಂತಿಗಳನ್ನು ಹೊಸದಾಗಿ ಶ್ರುತಿಗೂಡಿಸದಿದ್ದರೆ ಆ ರಾಗಕ್ಕೆ ಸಲ್ಲದ ವರ್ಜ್ಯ ಸ್ವರವೂ ಮೊಳಗತೊಡಗುತ್ತದೆ.