ತೇಗದ ಹೊಳಪು

ದೋಣಿಯ ತೇಗಕ್ಕೆ ವಾರ್ನಿಷ್ ಬಳಿಯುವುದು ಮರದ ರಕ್ಷಣೆಗಾಗಿ ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ವಸ್ತುತಃ ತೇಗವು ಅಂತಹ ಉಪಕಾರವನ್ನು ಬೇಡುವ ಮರವಲ್ಲ. ಮುಂಬಯಿಯ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಮರದೊಳಗೆ ಅಡಗಿರುವ ಎಣ್ಣೆಯೇ ಅದರ ಕವಚ. ಬರಿದೇ ಬಿಟ್ಟರೆ ತೇಗವು ಬಿಸಿಲುಮಳೆಗಳಿಗೆ ಬೂದಿಬಣ್ಣ ತಾಳುವುದೇ ಹೊರತು ಸುಲಭವಾಗಿ ಕೊಳೆಯದು.

ಹಾಗಿದ್ದೂ ವಿಹಾರನೌಕೆಗಳ ಒಡೆಯರು ಕಟಕಟೆಗೂ ಕಿಟಕಿಯ ಚೌಕಟ್ಟುಗಳಿಗೂ ವಾರ್ನಿಷ್ ಬಳಿಸುತ್ತಾರೆ. ತೇಗದ ಜೇನುಬಣ್ಣವನ್ನು ಸದಾ ಕಾಣಬೇಕೆಂಬ ಆಸೆ. (ನಡೆದಾಡುವ ಡೆಕ್ಕಿಗೆ ಮಾತ್ರ ಬಲ್ಲವರು ಬಳಿಯುವುದಿಲ್ಲ, ನೀರು ಬಿದ್ದರೆ ಕಾಲು ಜಾರೀತು.) ತೊಡಕು ಇಲ್ಲಿಯೇ ಆರಂಭ. ಮರವನ್ನು ಕಾಯುವ ಆ ಎಣ್ಣೆಯೇ ವಾರ್ನಿಷನ್ನು ಅಂಟಗೊಡದು. ಆದುದರಿಂದ ಸ್ಯಾಂಡ್‌ಪೇಪರಿನಿಂದ ಮರದ ಎಳೆಯ ಗುಂಟ ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಎಣ್ಣೆ ಮತ್ತೆ ಮೇಲಕ್ಕೆ ಒಸರುವ ಮುನ್ನವೇ ಮೊದಲ ಲೇಪವನ್ನು ಹಚ್ಚಬೇಕು. ಅದರಲ್ಲಿ ವಾರ್ನಿಷ್ ಅರ್ಧ, ಥಿನ್ನರ್ ಅರ್ಧ. ತೆಳುವಾಗಿದ್ದರೆ ಮರದ ರಂಧ್ರಗಳಿಗೆ ಇಳಿದು ಹಿಡಿತ ಪಡೆಯುತ್ತದೆ. ಬಳಿಕ ಥಿನ್ನರನ್ನು ಕ್ರಮೇಣ ತಗ್ಗಿಸುತ್ತ ಆರರಿಂದ ಎಂಟು ಲೇಪಗಳಾದರೂ ಆಗಬೇಕು. ಒಂದೊಂದೂ ಒಣಗಲು ಒಂದು ದಿನ; ನಡುನಡುವೆ ನಯವಾದ ಕಾಗದದಿಂದ ಉಜ್ಜುವ ಕೆಲಸ.

ಹೊತ್ತನ್ನು ಅರಿತು ಬಳಿಯುವುದು ದೊಡ್ಡ ವಿದ್ಯೆ. ಬೆಳಗಿನ ಇಬ್ಬನಿ ಆರಿದ ಮೇಲೆ ತೊಡಗಿ ಮಧ್ಯಾಹ್ನದೊಳಗೆ ಮುಗಿಸಬೇಕು. ಹಸಿಯ ಲೇಪದ ಮೇಲೆ ಸಂಜೆಯ ತೇವ ಕುಳಿತರೆ ಹೊಳಪು ಮಂಕಾಗುತ್ತದೆ. ಧೂಳೆಬ್ಬಿಸುವ ಗಾಳಿಯೂ ಸಲ್ಲದು, ಸುಡುಬಿಸಿಲೂ ಸಲ್ಲದು. ಡಬ್ಬಿಯನ್ನು ಕುಲುಕಿದರೆ ಗುಳ್ಳೆಗಳೆದ್ದು ಮರದ ಮೇಲೆ ಹಾಗೆಯೇ ಒಣಗಿ ನಿಲ್ಲುತ್ತವೆ.

ವಾರ್ನಿಷಿನಲ್ಲಿಯೂ ಜಾತಿಗಳುಂಟು. ಪೀಠೋಪಕರಣಗಳಿಗೆ ಹಚ್ಚುವ ಗಡಸು ವಾರ್ನಿಷನ್ನು ನಾನೊಮ್ಮೆ ನಮ್ಮ ಮನೆಯ ಪಡುವಣ ಬಾಗಿಲಿಗೆ ಬಳಿಸಿದೆ. ಎರಡು ಬೇಸಗೆ ಕಳೆಯುವುದರೊಳಗೆ ಅದು ಹಾವಿನ ಪೊರೆಯಂತೆ ಸುಲಿದು ಬಂದಿತು. ಮರವು ಹಿಗ್ಗಿ ಕುಗ್ಗುವಾಗ ಲೇಪವೂ ಜೊತೆಗೆ ಹಿಗ್ಗಿ ಕುಗ್ಗಬೇಕು. ಪಟಕಂಬಗಳಿಗೆಂದೇ ಹುಟ್ಟಿದ, ಎಣ್ಣೆಯ ಅಂಶ ಹೆಚ್ಚಾಗಿರುವ ‘ಸ್ಪಾರ್ ವಾರ್ನಿಷ್’ಗೆ ಆ ಗುಣವಿದೆ.

ಆದರೂ ಅದು ಶಾಶ್ವತವಲ್ಲ. ಶತ್ರು ನೀರಿಗಿಂತ ಮಿಗಿಲಾಗಿ ಸೂರ್ಯ. ಅತಿನೇರಳೆ ಕಿರಣಗಳು ಪಾರದರ್ಶಕವಾದ ಲೇಪವನ್ನು ಹಾದು, ಅದರಡಿಯ ಮರದ ಮೇಲ್ಪದರವನ್ನೇ ಸಡಿಲಿಸುತ್ತವೆ. ಅವನ್ನು ತಡೆಯುವ ದ್ರವ್ಯಗಳನ್ನು ಈಗ ವಾರ್ನಿಷಿಗೆ ಬೆರೆಸುತ್ತಾರಾದರೂ ಅವುಗಳ ಶಕ್ತಿಯೂ ಕಾಲಕ್ರಮದಲ್ಲಿ ಕುಂದುತ್ತದೆ. ಆದಕಾರಣ ನಮ್ಮಂತಹ ಉಷ್ಣದೇಶದಲ್ಲಿ ಕೆಲವು ತಿಂಗಳಿಗೊಮ್ಮೆ ಮೇಲೊಂದು ಲೇಪ ಬೀಳಲೇಬೇಕು. ಕಟಕಟೆಯ ಸಂದಿನಲ್ಲಿ ಕೂದಲೆಳೆಯ ಬಿರುಕೊಂದು ಕಂಡ ದಿನವೇ ಕೆರೆದು ತೇಪೆ ಹಾಕಿದರೆ ಅದು ಅಂಗೈಯಗಲದ ಕೆಲಸ. ಒಂದು ಮಳೆಗಾಲ ಉದಾಸೀನ ಮಾಡಿದರೆ ನೀರು ಅಡಿಯಲ್ಲಿ ಹರಡಿ ಕಪ್ಪು ಕಲೆಯೇಳುತ್ತದೆ. ಆಗ ಕಟಕಟೆಯನ್ನೆಲ್ಲ ಬರಿಮರದವರೆಗೆ ಕೆರೆದು, ಎಂಟು ಲೇಪಗಳನ್ನೂ ಮೊದಲಿನಿಂದ ಹಚ್ಚಬೇಕು.

ಅಷ್ಟು ಬಿಡುವಿಲ್ಲದವರು ತೇಗವನ್ನು ಅದರ ಬೂದಿಬಣ್ಣಕ್ಕೆ ಬಿಟ್ಟುಬಿಡುವುದು ಮೇಲೆಂದು ನನ್ನ ಅಭಿಪ್ರಾಯ. ಆಗಾಗ ಸಮುದ್ರದ ನೀರೆರಚಿ, ಮೃದುವಾದ ಕುಂಚಿಕೆಯಿಂದ ಎಳೆಗೆ ಅಡ್ಡಲಾಗಿ ತೊಳೆದರೆ ಸಾಕು.