ರಕ್ತ ತೆಳುಗೊಳಿಸುವ ಗುಳಿಗೆ ಸೇವಿಸುವವರು ಸೊಪ್ಪಿನ ಪಲ್ಯೆ ತಿನ್ನುವ ಕುರಿತು ಮಾಹಿತಿ

ಹೃದಯದ ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಹೃದಯ ಬಡಿತದ ಲಯ ತಪ್ಪಿದವರು ಹಾಗೂ ಕಾಲಿನ ರಕ್ತನಾಳಗಳಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ವೈದ್ಯರು ವಾರ್ಫರಿನ್ ಅಥವಾ ಅಸೆನೊಕೌಮರಾಲ್ (ಅಸಿಟ್ರಾಮ್ ಮುಂತಾದ ಹೆಸರುಗಳಲ್ಲಿ ದೊರೆಯುವುದು) ಎಂಬ ಗುಳಿಗೆಯನ್ನು ನೀಡುತ್ತಾರೆ. ಬೀದರ್ ನಗರದ ಚಿದ್ರಿ ಮೊದಲಾದ ಬಡಾವಣೆಗಳಲ್ಲಿಯೂ ಭಾಲ್ಕಿ, ಔರಾದ್ ತಾಲ್ಲೂಕುಗಳ ಗ್ರಾಮಗಳಲ್ಲಿಯೂ ಸೊಪ್ಪಿನ ಪಲ್ಯೆಯು ಜೋಳದ ರೊಟ್ಟಿಯೊಡನೆ ನಿತ್ಯದ ಊಟವಾಗಿರುತ್ತದೆ. ಈ ಗುಳಿಗೆ ಸೇವಿಸುವವರು ಸೊಪ್ಪನ್ನು ಮುಟ್ಟಲೇಬಾರದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಸೊಪ್ಪನ್ನು ಬಿಡುವುದು ಅವಶ್ಯವಲ್ಲ. ವಾರದಿಂದ ವಾರಕ್ಕೆ ಅದರ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡದಿರುವುದು ಅವಶ್ಯವಾಗಿರುತ್ತದೆ.

ರಕ್ತ ತೆಳುಗೊಳಿಸುವ ಗುಳಿಗೆ ಎಂದು ಕರೆಯುವುದು ರೂಢಿಯೇ ಹೊರತು ಇದರಿಂದ ರಕ್ತವು ನೀರಿನಂತೆ ತೆಳ್ಳಗಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುತ್ತದೆ. ಈ ಕಾರ್ಯಕ್ಕೆ ವಿಟಮಿನ್ ಕೆ ಬೇಕು. ಡೆನ್ಮಾರ್ಕಿನ ವಿಜ್ಞಾನಿ ಹೆನ್ರಿಕ್ ಡ್ಯಾಮ್ ಅವರು ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಿಗೆ ರಕ್ತಸ್ರಾವವಾಗುವುದನ್ನು ಗಮನಿಸಿ ಈ ವಿಟಮಿನ್ ಅನ್ನು ಕಂಡುಹಿಡಿದರು. 1943ನೇ ಸಾಲಿನ ನೊಬೆಲ್ ಪ್ರಶಸ್ತಿ ಅವರಿಗೂ ಎಡ್ವರ್ಡ್ ಡಾಯ್ಸಿ ಅವರಿಗೂ ದೊರೆಯಿತು. ಗುಳಿಗೆಯ ಮೂಲ ದನದ ಮೇವಿನಲ್ಲಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟುಹೋದ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಅದರಿಂದ ಬೆಳೆದು ಬಂದ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಮಾರಾಟವಾಗಿ, 1954ರಿಂದ ಮನುಷ್ಯರ ಔಷಧಿಯಾಯಿತು. ಪ್ರಮಾಣ ತಪ್ಪಿದರೆ ಅಪಾಯವೆಂಬುದನ್ನು ಈ ಇತಿಹಾಸವೇ ತಿಳಿಸುತ್ತದೆ.

ಗುಳಿಗೆಯು ಯಕೃತ್ತಿನಲ್ಲಿ ವಿಟಮಿನ್ ಕೆ ಮಾಡುವ ಕೆಲಸವನ್ನು ತಡೆಯುತ್ತದೆ. ಆದ್ದರಿಂದ ಊಟದಲ್ಲಿ ಈ ವಿಟಮಿನ್ ಒಮ್ಮೆಲೇ ಹೆಚ್ಚಾದರೆ ಗುಳಿಗೆಯ ಪರಿಣಾಮ ತಗ್ಗಿ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಒಮ್ಮೆಲೇ ಕಡಿಮೆಯಾದರೆ ಅದೇ ಗುಳಿಗೆಯೇ ಅತಿಯಾಗಿ ರಕ್ತಸ್ರಾವವಾಗಬಹುದು. ವೈದ್ಯರು ಗುಳಿಗೆಯ ಪ್ರಮಾಣವನ್ನು ಪಿ.ಟಿ.-ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯಿಂದ ನಿರ್ಧರಿಸುತ್ತಾರೆ. ಗುಳಿಗೆ ಸೇವಿಸದವರಲ್ಲಿ ಇದರ ಮೌಲ್ಯ ಸುಮಾರು 1 ಇರುತ್ತದೆ. ಗುಳಿಗೆ ಸೇವಿಸುವ ಬಹುತೇಕರಲ್ಲಿ 2ರಿಂದ 3ರ ಒಳಗೆ ಇರಬೇಕು. ಕೆಲವು ಲೋಹದ ಕವಾಟಗಳಿಗೆ ವೈದ್ಯರು 2.5ರಿಂದ 3.5ರವರೆಗೆ ನಿಗದಿಪಡಿಸುತ್ತಾರೆ. ರೋಗಿಯ ಎಂದಿನ ಊಟಕ್ಕೆ ಹೊಂದುವಂತೆ ಗುಳಿಗೆಯನ್ನು ಹೊಂದಿಸಲಾಗಿರುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಪರೀಕ್ಷೆಗೆ ಬರುವ ಮುನ್ನ ಒಂದು ವಾರ ಮಾತ್ರ ಸೊಪ್ಪು ಬಿಟ್ಟು, ವರದಿ ಕೈಸೇರಿದ ಮೇಲೆ ಮತ್ತೆ ತಿನ್ನುವವರಲ್ಲಿ ವರದಿಯೇ ದಾರಿ ತಪ್ಪಿಸುತ್ತದೆ. ಸೊಪ್ಪನ್ನು ಪೂರ್ತಿ ಬಿಟ್ಟವರ ದೇಹದಲ್ಲಿ ವಿಟಮಿನ್ ಕೆ ಸಂಗ್ರಹ ತೀರ ಕಡಿಮೆಯಾಗುವುದರಿಂದ, ಮದುವೆಮನೆಯ ಒಂದೆರಡು ಊಟದಿಂದಲೂ ಅವರ ಐ.ಎನ್.ಆರ್. ಏರುಪೇರಾಗುವ ಸಂಭವವಿದೆ.

ವಯಸ್ಕರಿಗೆ ದಿನವೊಂದಕ್ಕೆ ಬೇಕಾದ ವಿಟಮಿನ್ ಕೆ 100 ಮೈಕ್ರೋಗ್ರಾಂ ಆಸುಪಾಸು. 100 ಗ್ರಾಂ ಪಾಲಕ್ ಸೊಪ್ಪಿನಲ್ಲಿ 300 ಮೈಕ್ರೋಗ್ರಾಂಗೂ ಹೆಚ್ಚು ಇರುತ್ತದೆ. ಕೊತ್ತಂಬರಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಒಗ್ಗರಣೆಯ ಮೇಲೆ ಉದುರಿಸುವ ನಾಲ್ಕು ಎಲೆಗಳಿಂದ ತೊಂದರೆಯಿಲ್ಲ. ಚಟ್ನಿ ಮಾಡಿ ತಿಂದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೆಂತ್ಯ, ರಾಜಗಿರಿ, ಪುಂಡಿ, ನುಗ್ಗೆ ಸೊಪ್ಪುಗಳನ್ನೂ ಸೊಪ್ಪಿನ ಲೆಕ್ಕದಲ್ಲಿಯೇ ಹಿಡಿಯತಕ್ಕದ್ದು. ಎಲೆಕೋಸಿನಲ್ಲಿ ಇದು ಕಡಿಮೆ. ಬೇಯಿಸುವುದರಿಂದ ಈ ವಿಟಮಿನ್ ಹೆಚ್ಚಾಗಿ ನಾಶವಾಗುವುದಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಅನ್ನ, ಮೊಸರು, ಬದನೆಕಾಯಿ ಇವುಗಳ ಬಗ್ಗೆ ಚಿಂತಿಸುವ ಕಾರಣವಿಲ್ಲ. ಎಣ್ಣೆಗಳ ಪೈಕಿ ಸೋಯಾ ಎಣ್ಣೆಯಲ್ಲಿ ವಿಟಮಿನ್ ಕೆ ಹೆಚ್ಚು, ಕುಸುಬಿ ಮತ್ತು ಸೂರ್ಯಕಾಂತಿ ಎಣ್ಣೆಗಳಲ್ಲಿ ತೀರ ಕಡಿಮೆ. ಮನೆಯ ಎಣ್ಣೆಯನ್ನು ಬದಲಿಸಿದಲ್ಲಿ ವೈದ್ಯರಿಗೆ ತಿಳಿಸಿದರೆ ಸಾಕು.

ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಕಾಲ ಎಳ್ಳು ಅಮಾವಾಸ್ಯೆ. ಹಿಂಗಾರು ಪೈರು ಹೊಲದಲ್ಲಿ ನಿಂತಿರುವಾಗ ಬರುವ ಈ ಹಬ್ಬಕ್ಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿಯೊಡನೆ ಹಸಿ ಕಾಳು, ತರಕಾರಿ ಮತ್ತು ಹಲವು ಸೊಪ್ಪುಗಳನ್ನು ಕೂಡಿಸಿದ ಭಜ್ಜಿಯನ್ನು ಉಣ್ಣುತ್ತಾರೆ. ಹಬ್ಬದ ದಿನ ಭಜ್ಜಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ಬಂಧುಗಳ ಮನೆಗಳಿಂದ ಬಂದ ಭಜ್ಜಿ, ಹೊಲದಿಂದ ತಂದ ಕಡಲೆ ಸೊಪ್ಪು, ಮೆಂತ್ಯದ ಪಚಡಿ ಇವು ಹಲವು ದಿನ ಮುಂದುವರಿಯುವುದುಂಟು. ಅಂತಹ ಸಂದರ್ಭದಲ್ಲಿ ಉಳಿದ ದಿನಗಳ ಪಲ್ಯೆಯನ್ನು ಕಡಿಮೆ ಮಾಡಿ ವಾರದ ಒಟ್ಟು ಪ್ರಮಾಣವನ್ನು ಎಂದಿನಂತೆ ಇಟ್ಟುಕೊಳ್ಳತಕ್ಕದ್ದು. ಬೇಸಿಗೆಯಲ್ಲಿ ಸೊಪ್ಪು ತುಟ್ಟಿಯಾಗಿ ಊಟದಿಂದ ಮರೆಯಾದಾಗ ಇದಕ್ಕೆ ವಿರುದ್ಧವಾದ ಪರಿಣಾಮವಾಗುತ್ತದೆ. ಋತು ಬದಲಾದಾಗ ಒಂದು ಪರೀಕ್ಷೆಯನ್ನು ಹೆಚ್ಚಾಗಿ ಮಾಡಿಸುವುದು ಕ್ಷೇಮ. ಶ್ರಾವಣದ ಉಪವಾಸ ಹಾಗೂ ರಂಜಾನ್ ರೋಜಾ ಆಚರಿಸುವವರು ಮುಂಚಿತವಾಗಿಯೇ ವೈದ್ಯರನ್ನು ಕಾಣತಕ್ಕದ್ದು. ಗುಳಿಗೆಯನ್ನು ರಾತ್ರಿ ವೇಳೆ ಸೇವಿಸಬಹುದಾದ್ದರಿಂದ ಅದನ್ನು ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ಜ್ವರ, ವಾಂತಿ-ಭೇದಿಯಿಂದ ಎರಡು ಮೂರು ದಿನ ಊಟ ಸೇರದಿದ್ದರೂ ಐ.ಎನ್.ಆರ್. ಏರುತ್ತದೆ.

ಸೊಪ್ಪಿಗಿಂತಲೂ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ನೋವಿನ ಗುಳಿಗೆಗಳು ಅನೇಕ ವೇಳೆ ಹೆಚ್ಚು ಅಪಾಯಕಾರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಭೇದಿಗೆ ನೀಡುವ ಮೆಟ್ರೋನಿಡಜೋಲ್ ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆ. ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್ ಗುಳಿಗೆಯ ಪರಿಣಾಮವನ್ನು ತಗ್ಗಿಸುತ್ತದೆ. ಗಿಡಮೂಲಿಕೆ ಔಷಧಿಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಹಲ್ಲು ಕೀಳಿಸುವ ಮುನ್ನ ಹಾಗೂ ಸೂಜಿ ಮಾಡಿಸುವ ಮುನ್ನ ಗುಳಿಗೆಯ ವಿಷಯ ತಿಳಿಸತಕ್ಕದ್ದು. ಒಂದು ದಿನ ಗುಳಿಗೆ ಮರೆತಲ್ಲಿ ಮರುದಿನ ಎರಡು ಸೇವಿಸಬಾರದು. ಗರ್ಭ ಧರಿಸಲು ಇಚ್ಛಿಸುವ ಮಹಿಳೆಯರು ಮೊದಲೇ ವೈದ್ಯರ ಸಲಹೆ ಪಡೆಯುವುದು ಕಡ್ಡಾಯ; ಈ ಗುಳಿಗೆಗಳಿಂದ ಭ್ರೂಣಕ್ಕೆ ಹಾನಿಯಾಗಬಹುದು. ಹಾಗೆಂದು ಕವಾಟವಿರುವವರು ಗುಳಿಗೆಯನ್ನು ತಾವಾಗಿ ನಿಲ್ಲಿಸಕೂಡದು.

ಡಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಔಷಧಿಗಳಿಗೂ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಗುಳಿಗೆಗಳಿಗೂ ಸೊಪ್ಪಿನ ಸಂಬಂಧವಿಲ್ಲ. ಆದರೆ ಲೋಹದ ಕವಾಟವಿರುವವರಿಗೆ ಈ ಹೊಸ ಔಷಧಿಗಳು ಯೋಗ್ಯವಲ್ಲ. ತಾವು ಸೇವಿಸುತ್ತಿರುವುದು ಯಾವುದೆಂದು ಚೀಟಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಬೀದರ್ ಜಿಲ್ಲೆಯ ಅನೇಕರು ಶಸ್ತ್ರಚಿಕಿತ್ಸೆಯನ್ನು ಹೈದರಾಬಾದಿನಲ್ಲಿ ಮಾಡಿಸಿಕೊಂಡು ಊರಿಗೆ ಮರಳಿರುತ್ತಾರೆ. ಅಂತಹವರು ಆಸ್ಪತ್ರೆಯ ಬಿಡುಗಡೆ ಪತ್ರ, ಹಿಂದಿನ ಐ.ಎನ್.ಆರ್. ವರದಿಗಳು ಮತ್ತು ಗುಳಿಗೆಯ ಖಾಲಿ ಪಟ್ಟಿಯೊಂದಿಗೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬಹುದು. ಭಾಲ್ಕಿ, ಔರಾದ್ ಭಾಗದವರು ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಲಭ್ಯತೆಯನ್ನು ಮೊದಲು ವಿಚಾರಿಸಿಕೊಂಡರೆ ವೃಥಾ ಪ್ರಯಾಣ ತಪ್ಪುತ್ತದೆ. ದಿನಾಂಕ, ಗುಳಿಗೆಯ ಮಿಲಿಗ್ರಾಂ, ಐ.ಎನ್.ಆರ್. ಮತ್ತು ಆ ವಾರ ಎಷ್ಟು ಸಲ ಸೊಪ್ಪು ತಿಂದರೆಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವುದು ವೈದ್ಯರಿಗೆ ಬಹಳ ಉಪಯುಕ್ತ. ಓದುಬರಹ ಬಾರದವರ ಪರವಾಗಿ ಮನೆಯ ಮಕ್ಕಳು ಬರೆಯಬಹುದು.

ವಸಡಿನಿಂದ ನಿಲ್ಲದ ರಕ್ತ, ಕೆಂಪು ಮೂತ್ರ, ಕಪ್ಪು ಮಲ, ತಲೆಗೆ ಬಿದ್ದ ಪೆಟ್ಟು, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಲೋಹದ ಕವಾಟದ ಟಿಕ್ ಟಿಕ್ ಶಬ್ದ ಮಂದವಾಗುವುದು ಇವುಗಳಲ್ಲಿ ಯಾವುದೇ ಕಂಡುಬಂದಲ್ಲಿ ಮುಂದಿನ ಪರೀಕ್ಷೆಯ ದಿನದವರೆಗೆ ಕಾಯದೆ 108ಕ್ಕೆ ಕರೆ ಮಾಡಿ, ವೈದ್ಯರಿಗೆ ತೋರಿಸಲು ಸದರಿ ಪುಸ್ತಕವನ್ನು ಜೊತೆಗೆ ಒಯ್ಯತಕ್ಕದ್ದು.